ಶಿಲುಬೆಯ ಮೇಲೆ ಅಮ್ಮನ ಕೈ

ಐವತ್ತರ ದಶಕದಲ್ಲಿ, ಅಪ್ಪ ತೀರಿಕೊಂಡ ವರ್ಷ, ಅಮ್ಮ ನನ್ನನ್ನು ಮಂಗಳೂರಿನ ಒಂದು ಅನಾಥಾಲಯಕ್ಕೆ ಸೇರಿಸಿದಳು. ತಾಯಿ ಇರುವ ಮಕ್ಕಳನ್ನು ಕನ್ಯಾಸ್ತ್ರೀಯರು ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ. ಅದಕ್ಕೆ ಇವಳು ಬಾಗಿಲಲ್ಲೇ ತನ್ನನ್ನು ಸಾಯಿಸಿಕೊಂಡಳು. "ಸತ್ತ ಅಕ್ಕನ ಮಗಳು, ಮದರ್. ನಾನು ಇವಳ ಮಾವ್ಶಿ," ಎಂದು ಚಿಕ್ಕಮ್ಮನಾಗಿಬಿಟ್ಟಳು. ಕಾರ್ಖಾನೆಯಲ್ಲಿ ಹಂಚು ಹೊತ್ತು ತರುವ ಕೂಲಿ ಎರಡು ಹೊಟ್ಟೆಗೆ ಸಾಲುತ್ತಿರಲಿಲ್ಲ, ಬೇರೇನೂ ಕಾರಣವಿಲ್ಲ.

ಏಳು ವರ್ಷದ ನನಗೆ ಅದು ಎಂಥ ಶಿಕ್ಷೆ! ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಅವಳು ನನ್ನನ್ನು ನೋಡಲು ಬರುತ್ತಿದ್ದಳು. ಎಲ್ಲಿ ಬಾಯಿ ತಪ್ಪಿ ಅಮ್ಮಾ ಎಂದುಬಿಡುತ್ತೇನೋ ಎಂಬ ಹೆದರಿಕೆಗೆ ನಾನು ಮಾತೇ ಆಡುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು. "ಎಂಥ ಮೊಂಡು ಮಗು ಮಾರಾಯ್ತಿ," ಎಂದು ಸಿಸ್ಟರುಗಳು ನಗುತ್ತಿದ್ದರು. ನಗಲಿ, ಅವರಿಗೇನು!

ಎರಡನೆಯ ವರ್ಷ ಪರದೇಶದಿಂದ ಮಕ್ಕಳಿಲ್ಲದ ಗಂಡಹೆಂಡತಿ ಬಂದರು. ಸಾಲಾಗಿ ನಿಂತ ನಮ್ಮಲ್ಲಿ ಆ ಹೆಂಗಸು ನನ್ನ ಗಲ್ಲ ಹಿಡಿದಳು. ಒಳ್ಳೆಯವಳೇ ಇರಬೇಕು, ಕಣ್ಣು ತುಂಬಿಕೊಂಡಿದ್ದಳು. ನಾನು ಮಾತ್ರ ಹಿಂದಕ್ಕೆ ಸರಿದೆ. ದತ್ತು ಹೋದ ಮಕ್ಕಳು ಹಡಗು ಹತ್ತಿದರೆ ಮತ್ತೆ ಬರುವುದಿಲ್ಲವೆಂದು ದೊಡ್ಡ ಹುಡುಗಿಯರು ಹೇಳಿದ್ದರು.

ಭಾನುವಾರ ಮದರ್ ಅಮ್ಮನನ್ನು ಆಫೀಸಿಗೆ ಕರೆಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

"ನೋಡು, ಹುಡುಗಿಗೆ ಅಲ್ಲಿ ಶಾಲೆ ಉಂಟು, ಹೊಟ್ಟೆ ತುಂಬ ಊಟ ಉಂಟು. ನಿನಗೆ ಒಪ್ಪಿಗೆಯಾ?"

ಅಮ್ಮ ನನ್ನ ಮುಖ ನೋಡಲಿಲ್ಲ. "ಒಪ್ಪಿಗೆ, ಮದರ್."

ಅಯ್ಯೋ ದೇವರೇ! ಬೇಡ ಎನ್ನುತ್ತಾಳೆಂದು ನಂಬಿದ್ದೆ.

"ಹಾಗಾದರೆ ಶಿಲುಬೆ ಮುಟ್ಟಿ ಹೇಳು, ಇವಳಿಗೆ ತಂದೆತಾಯಿ ಇಬ್ಬರೂ ಇಲ್ಲ ಅಂತ."

ನನಗೆ ಹೋದ ಜೀವ ಬಂತು. ನಮ್ಮವರು ಶಿಲುಬೆ ಮುಟ್ಟಿ ಸುಳ್ಳು ಹೇಳುವುದಿಲ್ಲ. ಬೀದಿ ಜಗಳ ಕೂಡ ಆ ಮಾತು ಬಂದರೆ ಅಲ್ಲಿಗೇ ನಿಲ್ಲುತ್ತದೆ. ಅಮ್ಮ ಕೆಮ್ಮಣ್ಣಿನ ಕಲೆ ಹೋಗದ ಕೈಯನ್ನು ಸೆರಗಿಗೆ ಒರಸಿಕೊಂಡು ಶಿಲುಬೆಯ ಮೇಲಿಟ್ಟಳು.

"ಇವಳ ಅಪ್ಪ ಸತ್ತಿದ್ದಾನೆ. ಇವಳ ಅಮ್ಮ..."

"ಅಮ್ಮಾ!" ಎಂದು ಕಿರುಚಿ ಅವಳ ಸೊಂಟ ತಬ್ಬಿಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ಹೊಡೆದಳು, ಆಮೇಲೆ ನೆಲಕ್ಕೆ ಕುಸಿದು ಅತ್ತಳು. ಮದರ್ ದತ್ತಿನ ಕಾಗದ ಮಡಚಿಟ್ಟರು. ಅಂದೇ ನನ್ನ ಬಟ್ಟೆಯ ಗಂಟು ಕಟ್ಟಿಕೊಂಡು ಇಬ್ಬರೂ ಹೊರಗೆ ಬಂದೆವು.

ನನಗೇ ಮಕ್ಕಳಾದ ಮೇಲೆ ಒಮ್ಮೆ ಧೈರ್ಯ ಮಾಡಿ ಅಮ್ಮನನ್ನು ಕೇಳಿದೆ. "ನಾನು ಕಿರುಚದಿದ್ದರೆ ಆ ಮಾತು ಮುಗಿಸ್ತಿದ್ದೆಯಾ?"

ಅವಳು ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಮುಗಿಸ್ತಿದ್ದೆ ಮಗಳೇ. ನಾನು ನರಕಕ್ಕೆ ಹೋಗ್ತಿದ್ದೆ. ನೀನು ಉಣ್ತಿದ್ದೆಯಲ್ಲ."