ತೇಜುವಿನ ಮನೆಯ ಎರಡು ದನಿ

ತಮಿಳು ಸೀಮೆಯ ಮಣಲಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ತೈಲ ಶುದ್ಧೀಕರಣ ಕಾರ್ಖಾನೆಯ ಎತ್ತರದ ಕೊಳವೆಯ ತುದಿಯಲ್ಲಿ ಉರಿಯುವ ಬೆಂಕಿ ಓಣಿಯ ಗೋಡೆಗಳನ್ನೆಲ್ಲ ಕೆಂಪಾಗಿಸಿದೆ. ಆ ಕೆಂಪಿನಲ್ಲೇ ಶಿವಗಂಗಮ್ಮ ಒಂದೊಂದೇ ಬಾಗಿಲು ತಟ್ಟುತ್ತ ನಡೆಯುತ್ತಾರೆ. ಹೆತ್ತವರು ಬೆಳಗಿನ ಪಾಳಿಗೆ ಹೊರಟುಹೋದ ಮನೆಗಳವು. ಮಲಗಿದ ಮಕ್ಕಳನ್ನು ಎಬ್ಬಿಸಿ, ಮುಖ ತೊಳೆಸಿ, ಜಡೆ ಹೆಣೆದು, ಶಾಲೆಯಲ್ಲಿ ಕೊಡುವ ಬೆಳಗಿನ ತಿಂಡಿಯ ಹೊತ್ತಿಗೆ ಅಲ್ಲಿಗೆ ಮುಟ್ಟಿಸುವುದು ಅವರ ಕೆಲಸ. ಸಣ್ಣ ಸೇವಾಸಂಸ್ಥೆಯೊಂದು ಅವರನ್ನು ಇದಕ್ಕೆಂದೇ ಇಟ್ಟುಕೊಂಡಿದೆ.

ತುಮಕೂರಿನ ಕಡೆಯಿಂದ ಮದುವೆಯಾಗಿ ಬಂದವರು. ಸೌಕಾರ್‌ಪೇಟೆಯ ಬಟ್ಟೆ ಅಂಗಡಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಇಡ್ಲಿ ಮಾರಿದರು, ಮನೆಗೆಲಸ ಮಾಡಿದರು. “ನಂಗೆ ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದ್ರು. ಯಾಕಮ್ಮಾ ಬರ್ಲಿಲ್ಲ ಅಂತ ಕೇಳಕ್ಕೆ ಒಬ್ರೂ ಮನೆ ಹತ್ರ ಬರ್ಲಿಲ್ಲ ನೋಡಿ” ಎನ್ನುತ್ತಾರೆ.

ಜಡೆ ಹೆಣೆದರೆ ಮಾರ್ಕ್ಸ್ ಬರುತ್ತದೆಯೇ ಎಂದು ಆ ಶಾಲೆಯ ಗಣಿತದ ಟೀಚರ್ ಪ್ರಣಮ್ಯಾ ಮೊದಲೆಲ್ಲ ನಗುತ್ತಿದ್ದರು. ಕಳೆದ ಮಳೆಗಾಲದ ನಂತರದ ಪರೀಕ್ಷೆಯಲ್ಲಿ ಆ ನಗು ನಿಂತಿತು. ಐದನೇ ತರಗತಿಯ ತೇಜು ಎಲ್ಲರ ಎದುರೇ ಕೂತು ಬರೆದಿದ್ದಳು. ಆದರೆ ಕಟ್ಟಿನಲ್ಲಿ ಅವಳ ಉತ್ತರಪತ್ರಿಕೆ ಇರಲಿಲ್ಲ. ಇದ್ದದ್ದು ಮೌನಳದ್ದು. ಮೌನ ತೇಜುವಿನ ಅಕ್ಕ, ಅದೇ ಶಾಲೆಯವಳು. ಪರೀಕ್ಷೆಗೂ ಮೊದಲೇ, ಆ ಮಳೆಗಾಲದ ಜ್ವರದಲ್ಲಿ ತೀರಿಕೊಂಡಿದ್ದಳು. ಎಡಕ್ಕೆ ವಾಲಿದ ಅವಳ ಅಕ್ಷರವೇ ಹಾಳೆಯ ತುಂಬ ಇತ್ತು. ಅಂದಿನಿಂದ ತೇಜುವಿನ ಪಕ್ಕ ಯಾವ ಮಗುವೂ ಕೂರಲಿಲ್ಲ.

ಆ ಹಾಳೆ ಸಿಕ್ಕ ಮರುದಿನ ನಸುಕಿನಲ್ಲಿ ಶಿವಗಂಗಮ್ಮ ತೇಜುವಿನ ಮನೆಗೆ ಹೋದರು. ಒಳಗೆ ಇಬ್ಬರು ಹುಡುಗಿಯರು ಮಗ್ಗಿ ಹೇಳುತ್ತಿದ್ದರು. ಒಬ್ಬಳು ತಪ್ಪಿದರೆ ಇನ್ನೊಬ್ಬಳು ತಿದ್ದುತ್ತಿದ್ದಳು.

“ಕೈ ಬಾಗಿಲ ಮೇಲೇ ನಿಂತ್ಹೋಯ್ತು. ತಿರುಗಿ ಓಡ್ಬಿಡೋಣ ಅನ್ನಿಸ್ತು.”

ಓಡಲಿಲ್ಲ, ಬಾಗಿಲು ತಳ್ಳಿದರು. ತೇಜು ಒಬ್ಬಳೇ ಕೂತಿದ್ದಳು. ಮುಂದೆ ಎರಡು ತಟ್ಟೆ. ತಾಯಿ ಲಕ್ಷ್ಮೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ತಂದೆ ಟ್ಯಾಂಕರ್ ಲಾರಿಯೊಂದಿಗೆ ದೂರ ಹೋಗಿದ್ದ.

“ಇನ್ನೊಬ್ರು ಯಾರು ಪುಟ್ಟಾ?”

“ಅಕ್ಕಾ ದಾನ್”, ಅಕ್ಕನೇ, ಎಂದಳು ತೇಜು. ಅಕ್ಕ ಕರೆದರೆ ಮಾತ್ರ ಅಮ್ಮ ಎದ್ದು ಉಣ್ಣುತ್ತಾಳೆ ಎಂದು ತಮಿಳಿನಲ್ಲೇ ಹೇಳಿದಳು. ತಾಯಿ ಉಣ್ಣಲೆಂದು ಮಗು ಅಕ್ಕನ ದನಿಯಲ್ಲಿ ಕರೆಯತೊಡಗಿತ್ತು. ಬರಬರುತ್ತ ಆ ದನಿಯಿಂದ ಹಿಂದಿರುಗುವ ದಾರಿಯೇ ಅದಕ್ಕೆ ತಪ್ಪಿಹೋಗಿತ್ತು.

ಶಿವಗಂಗಮ್ಮ ತಾಯಿ ಮಗಳಿಬ್ಬರನ್ನೂ ದೊಡ್ಡಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದೊಯ್ದರು. ದಿನಾ ನಸುಕಿನಲ್ಲಿ ಬಂದು ಲಕ್ಷ್ಮಿಯನ್ನು ಎಬ್ಬಿಸಿ ಕೂರಿಸಿ, ಬಾಚಣಿಗೆ ಕೈಗಿತ್ತು, “ಎದುರಿಗೆ ಕೂತಿರೋಳ ಹೆಸ್ರು ಹಿಡ್ದು ಕರಿಯೇ” ಎನ್ನುತ್ತಿದ್ದರು. ಎಷ್ಟೋ ದಿನ ಲಕ್ಷ್ಮಿಯ ಬಾಯಿಂದ ಬಂದದ್ದು “ಮೌನಾ” ಎಂದೇ. ಆಗೆಲ್ಲ ಕಿಟಕಿಯ ಕೆಂಪು ಬೆಳಕಿನಲ್ಲಿ ಮಗುವಿನ ಮುಖ ಬೇರೆ ಯಾರದೋ ಆಗಿಬಿಡುತ್ತಿತ್ತಂತೆ. ಒಂದು ಬೆಳಗ್ಗೆ ಲಕ್ಷ್ಮೀ “ತೇ...” ಎಂದವಳು ಮುಂದೆ ಹೇಳಲಾಗದೆ ಬಿಕ್ಕಿದಳು. ಅಷ್ಟಕ್ಕೇ ಮಗು “ಅಮ್ಮಾ” ಎಂದು ತಿರುಗಿತು, ತನ್ನದೇ ದನಿಯಲ್ಲಿ.

ಮುಂದಿನ ಪರೀಕ್ಷೆಯಲ್ಲಿ ತೇಜು ಗಣಿತದಲ್ಲಿ ಪಾಸು, ತಮಿಳಿನಲ್ಲಿ ಫೇಲು. “ತಿಂಡಿ ಕೊಟ್ರೆ ಮಾರ್ಕ್ಸ್ ಏರತ್ತೆ ಅಂತ ನಾನೀಗ್ಲೂ ಹೇಳಲ್ಲ. ಆದ್ರೆ ಪಾಠ ಕೇಳೋಕೆ ಮಗು ಅಲ್ಲಿರ್ಬೇಕಲ್ಲ” ಎನ್ನುತ್ತಾರೆ ಪ್ರಣಮ್ಯಾ.

ಆ ಮನೆಯಲ್ಲಿ ಈಗಲೂ ಎರಡು ದನಿ ಕೇಳುತ್ತವೆ ಎಂದು ಓಣಿಯ ಹೆಂಗಸರು ಪಿಸುಗುಟ್ಟುತ್ತಾರೆ. ಶಿವಗಂಗಮ್ಮ ಅದನ್ನು ಅಲ್ಲಗಳೆಯುವುದಿಲ್ಲ.

“ಒಂದಿನ ನಂಗೂ ಆ ಮನೆ ಒಳಗಿಂದ ಮಗ್ಗಿ ಕೇಳಿಸ್ತು. ಆವತ್ತು ತೇಜು ಹೊರಗೆ ನನ್ ಪಕ್ಕದಲ್ಲೇ ನಿಂತಿದ್ಲು.”

ಏನು ಬೇಕು ನಿಮಗೆ ಎಂದರೆ ಮುಂದಿನ ಬಾಗಿಲ ಕಡೆ ನಡೆಯುತ್ತಲೇ ಹೇಳುತ್ತಾರೆ: “ಜೊತೆಗೆ ಇನ್ನೊಬ್ರು ಇದ್ರೆ ಸಾಕು. ಕೆಲವು ಬಾಗ್ಲು ತಟ್ಟಕ್ಕೆ ಈಗ್ಲೂ ಭಯ ಆಗತ್ತೆ. ತಟ್ಟದೆ ಮಾತ್ರ ಒಂದಿನಾನೂ ವಾಪಸ್ ಬಂದಿಲ್ಲ.”