ಮೇಲಿನ ಗಾಳಿಗೆ ಬಿದ್ದ ಭಂಡಾರ

ಅಪ್ಪ ಸತ್ತು ವರ್ಷವೂ ತುಂಬಿರಲಿಲ್ಲ. ಬೀಡಿ ಸೇದಿ ಸೇದಿಯೇ ಸತ್ತ. ಚಿಂಚಲಿ ಹಾದಿಯ ನಮ್ಮ ಹೊಲದ ಮೂಲೆಯಲ್ಲೇ ಅವನನ್ನು ಸುಟ್ಟೆವು. ಅವ್ವ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಆದರೂ ಸಂಜೆ ಹೊತ್ತು ಆ ಮೂಲೆ ನೋಡುತ್ತ ಕೂತಿರುತ್ತಿದ್ದಳು. ಕೇಳಿದರೆ, ದನ ನೋಡಾಕತ್ತೇನಿ ಅನ್ನುತ್ತಿದ್ದಳು. ದನ ಕಟ್ಟಿದ್ದು ಇನ್ನೊಂದು ಮಗ್ಗುಲಿಗೆ.

ಆ ಚಳಿಗಾಲದ ಒಂದು ಮುಂಜಾನೆ, ಕೊಡೆಯಂಥ ಬಟ್ಟೆಗೆ ಜೋತುಬಿದ್ದ ಪೆಟ್ಟಿಗೆಯೊಂದು ಆಕಾಶದಿಂದ ಅದೇ ಹೊಲಕ್ಕೆ ಇಳಿಯಿತು. ಅದರ ಮೇಲೆ ಕನ್ನಡ, ಮರಾಠಿ, ಹಿಂದಿಯಲ್ಲಿ ‘ಮುಟ್ಟಬೇಡಿ’ ಎಂದು ಬರೆದಿತ್ತು. ಮೂರನ್ನೂ ಓದಿ ಎಲ್ಲರೂ ಮುಟ್ಟಿದೆವು.

ಚಿಕ್ಕೋಡಿಯಲ್ಲಿ ಸೈನ್ಸ್ ಕಲಿಯುವ ನಾಟಕ ಆಡುತ್ತಿದ್ದ ನಾನು, “ಇದು ಬಲೂನಿಂದ ಬೇ, ದೇವ್ರದಲ್ಲ” ಅಂದೆ.

“ಯಾರದರ ಇರಲಿ. ಮ್ಯಾಲಿಂದ ಬಂದದ್ದನ್ನ ಬರಿಗೈಲೆ ಕಳಸಬಾರ್ದಲೇ” ಎಂದು ಅವ್ವ ಕುಡುಗೋಲಿನಿಂದ ಮುಚ್ಚಳ ಮೀಟಿ, ಚಿಂಚಲಿಯ ದೇವಿ ಮಾಯಕ್ಕನ ಭಂಡಾರವನ್ನು ಬೊಗಸೆಗಟ್ಟಲೆ ಒಳಗೆ ಸುರಿದಳು. ಈ ಅರಿಶಿನ ತೂರುವುದರಲ್ಲಿ ನಮ್ಮ ಕಡೆ ಯಾರದೂ ಕೈ ಬಿಗಿಯಿಲ್ಲ.

ಮಧ್ಯಾಹ್ನ ಜೀಪಿನಲ್ಲಿ ಬಂದ ತರುಣ ವಿಜ್ಞಾನಿ ಪೆಟ್ಟಿಗೆಯಲ್ಲಿ ಇಣುಕಿದವನೇ ಬದುವಿನ ಮೇಲೆ ಕುಸಿದು ಕೂತ. ಮೋಡಕ್ಕಿಂತ ಎಷ್ಟೋ ಮೇಲಿನ ಗಾಳಿಯ ಧೂಳು ಹಿಡಿಯಲು ಅದನ್ನು ಹಾರಿಸಿದ್ದರಂತೆ. ಕೆಳಗಿನ ಗಾಳಿ ಅಲ್ಲಿಗೆ ಏರುತ್ತದೋ ಇಲ್ಲವೋ ಎಂದು ನೋಡಬೇಕಿತ್ತಂತೆ. ಈಗ ಒಳಗಿನ ಬಿಳಿ ಜಾಳಿಗೆಯೆಲ್ಲ ಹಳದಿ.

“ಚಿಂಚಲಿ ಭಂಡಾರ ಅಲ್ಲೀಮಟಾ ಏರೇತಿ ಅಂತ ಬರೀರಿ” ಅಂದೆ. ಅವನು ನಗಲಿಲ್ಲ.

ಅವ್ವ ಕೊಟ್ಟ ಚಹಾ ಕುಡಿದ ಮೇಲೆ ಅವನಿಗೆ ಸ್ವಲ್ಪ ಜೀವ ಬಂತು. ಅದೇ ಭಂಡಾರ ಒಂದು ಹಿಡಿ ಕಟ್ಟಿಕೊಡಿ, ಯಾವ ಧೂಳು ನಿಮ್ಮದು ಅಂತ ಗುರುತಿಸಿ ಬಿಟ್ಟು, ಉಳಿದದ್ದನ್ನು ನೋಡುತ್ತೇನೆ ಅಂದ. ಅವ್ವನಿಗೆ ಅಷ್ಟೂ ತಿಳಿಯಲಿಲ್ಲ. ಹುಡುಗನಿಗೆ ಭಕ್ತಿ ಹುಟ್ಟಿತೆಂದು ಹಿಗ್ಗಿ ಚೀಲವನ್ನೇ ಕೊಟ್ಟು, ಹಣೆಗೂ ಬಳಿದಳು. ಆಮೇಲೆ ದನಿ ಇಳಿಸಿದಳು.

“ತಮ್ಮಾ, ಖರೇ ಹೇಳು. ಇಲ್ಲಿಂದ ಹೋದ ಹೊಗಿ ಅಷ್ಟ ಮ್ಯಾಲ ಮುಟ್ಟತೈತೇನು?”

ಅವಳ ಕಣ್ಣು ಹೊಲದ ಮೂಲೆಯ ಕಡೆಗಿತ್ತು. ಬೆಳಗಿನಿಂದ ಚೇಷ್ಟೆ ಮಾಡುತ್ತಿದ್ದ ನಾನೂ ಅತ್ತಲೇ ತಿರುಗಿ ನೋಡಿದೆ.

“ಎಲ್ಲಾ ಹೋಗಲ್ಲಮ್ಮ” ಅಂದ ಅವನು. “ಮಳೆ ಬಂದರೆ ಬಹಳಷ್ಟು ಇಲ್ಲೇ ಇಳಿದುಬಿಡುತ್ತೆ. ಎಲ್ಲೋ ಸ್ವಲ್ಪ ಏರುತ್ತೆ. ಏರಿದ್ದು ಮಾತ್ರ ಬೇಗ ಕೆಳಗೆ ಬರೋದಿಲ್ಲ.”

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಹಂಗಂದ್ರ ಅವ್ರು ಅಲ್ಲೇ ಅದಾರ ಬಿಡು. ನಿಪ್ಪಾಣಿ ಪ್ಯಾಟಿಗೆ ಹೋದ್ರೂ ಹಿಂಗ ಮಾಡತಿದ್ರು.”