ಹದಿನಾಲ್ಕನೇ ರೂಮಿನ ಹಾಜರಿ

ನಂಬುವವರು ನಂಬಿ, ಬಿಡುವವರು ಬಿಡಿ. ದೆವ್ವದ ಕಥೆ ಶುರು ಮಾಡಿದವರನ್ನು ಅರ್ಧಕ್ಕೇ ನಿಲ್ಲಿಸಿ ನಗುತ್ತಿದ್ದವನು ನಾನು. ಆದರೆ ಹೋದ ಚಳಿಗಾಲದಲ್ಲಿ ಜುಬೈಲ್ ಪೇಟೆಯ ಹೊರಗೆ ನನಗಾದದ್ದು ಕನಸಲ್ಲ. ಕುಡಿದಿದ್ದೆಯಾ ಎಂದು ಕೇಳಬೇಡಿ, ಅರಬರ ಈ ದೇಶದಲ್ಲಿ ಕುಡಿಯಲು ಸಿಗುವುದು ಮಜ್ಜಿಗೆ.

ಕೆಲವು ದೇಶಗಳಲ್ಲಿ ಹಿಂದೆ ಜನರನ್ನು ಕೂಡಿಹಾಕಿದ್ದ ಕ್ಯಾಂಪುಗಳನ್ನು ಈಗ ಪ್ರವಾಸಿಗರಿಗೆ ತೋರಿಸುತ್ತಾರಂತೆ. ಸತ್ತವರ ಹೆಸರುಗಳನ್ನು ಗೋಡೆಯ ಮೇಲೆ ಬರೆದಿರುತ್ತಾರಂತೆ. ನಾನು ನೋಡಲು ಹೋದ ಕ್ಯಾಂಪಿಗೆ ಒಂದು ಬೋರ್ಡೂ ಇಲ್ಲ. ಅದು ನಾವು ಇನ್ನೂರು ಮಂದಿ ವಾಸವಿದ್ದ ಕೆಲಸಗಾರರ ಕ್ಯಾಂಪ್. ನಮ್ಮ ಪಾಸ್‌ಪೋರ್ಟುಗಳು ಕಂಪನಿಯ ಕಪಾಟಿನಲ್ಲಿ, ಗೇಟಿಗೆ ಬೀಗ, ಸುತ್ತ ಮರಳು. ಕಂಪನಿ ಮುಚ್ಚಿ ಈಗ ಅದು ಪಾಳು.

ಹೋದದ್ದು ಸಫಿಯಾಳ ಸಲುವಾಗಿ. ಅವಳ ಅಣ್ಣ ಅಶ್ರಫ್ ಉಪ್ಪಿನಂಗಡಿ ಕಡೆಯವ, ನನ್ನ ಹಾಗೇ ವೆಲ್ಡರ್, ಹದಿನಾಲ್ಕನೇ ರೂಮಿನಲ್ಲಿ ನನ್ನ ಮೇಲಿನ ಮಂಚದವ. ಎಂಟು ವರ್ಷದ ಹಿಂದೆ ಕಾಣೆಯಾದ. ಓಡಿಹೋದ ಎಂದು ಕಂಪನಿ ಬರೆದು ಕೈ ತೊಳೆದುಕೊಂಡಿತು.

"ಜಯಂತಣ್ಣ, ಉಮ್ಮ ಹಾಸಿಗೆ ಹಿಡಿದಿದ್ದಾರೆ," ಎಂದಳು ಸಫಿಯಾ ಫೋನಿನಲ್ಲಿ, ತನ್ನ ತಾಯಿಯ ಬಗ್ಗೆ. "ಅವ ಮಲಗುತ್ತಿದ್ದ ರೂಮಿನ ಒಂದು ಫೋಟೋ ಕಳಿಸ್ತೀರಾ? ಅವ ನಿಜಕ್ಕೂ ಓಡಿಹೋದದ್ದಾ ಅಂತ ಈಗಲೂ ಕೇಳ್ತಾರೆ."

ಓಡಿಹೋದ ಎಂದೇ ನಾನು ನಂಬಿದ್ದೆ. ಆ ಮನೆಗೆ ಹಾಗೆಂದು ಮೊದಲು ಹೇಳಿದವನೂ ನಾನೇ. ಅವನ ಮೇಲೆ ನನಗೆ ಎಂಟು ವರ್ಷದ ಸಿಟ್ಟಿತ್ತು. ಯಾಕೆಂದು ಹೇಳುತ್ತೇನೆ.

ಸಂಜೆ ಬಸ್ಸುಗಳು ನಮ್ಮನ್ನು ಇಳಿಸಿದ ಮೇಲೆ, ರಾತ್ರಿ ನಮಾಜಿಗೆ ಕರೆಯುವ ಇಶಾ ಬಾಂಗ್ ಮುಗಿದ ಹೊತ್ತಿಗೆ, ಕ್ಯಾಂಪ್ ಬಾಸ್ ಪ್ರಭಾಕರಣ್ಣ ಸ್ಪಾನರ್ ಹಿಡಿದು ವರಾಂಡದಲ್ಲಿ ಬರುತ್ತಿದ್ದರು. ಪ್ರತಿ ಬಾಗಿಲಿಗೆ ಎರಡು ಪೆಟ್ಟು, ಆಮೇಲೆ ಒಬ್ಬೊಬ್ಬರ ಹೆಸರು. ಒಳಗಿನಿಂದ "ಉಂಟು" ಎಂದರೆ ಹಿಂದೆ ಬರುವ ಕಂಪನಿಯ ವಾಚ್‌ಮನ್ ಪುಸ್ತಕದಲ್ಲಿ ಗೀಟು ಹಾಕುತ್ತಿದ್ದ. ಬಾಗಿಲು ತೆಗೆದು ಯಾರೂ ನೋಡುತ್ತಿರಲಿಲ್ಲ. ಸ್ನಾನಕ್ಕೋ ನಮಾಜಿಗೋ ಹೋದವನ ಬದಲು ರೂಮಿನವನೇ "ಉಂಟು" ಎನ್ನುವುದು ನಮ್ಮಲ್ಲಿ ವಾಡಿಕೆ. ಅದನ್ನು ಯಾರೂ ಸುಳ್ಳು ಎಂದು ತಿಳಿದಿರಲಿಲ್ಲ.

ಅದು ಜುಲೈ. ಜನರೇಟರಿನ ಡೀಸೆಲ್ ರಾತ್ರಿ ಕಳ್ಳತನದಲ್ಲಿ ಹೊರಗೆ ಹೋಗುತ್ತಿದೆ, ಹೆಡ್ ಆಫೀಸಿಗೆ ಹೇಳುತ್ತೇನೆ ಎಂದು ಅಶ್ರಫ್ ಮೆಸ್ಸಿನಲ್ಲಿ ಎಲ್ಲರೆದುರು ಕೂಗಾಡಿದ. ಮರುದಿನ ಅವನ ಮಂಚ ಖಾಲಿ.

ಪ್ರಭಾಕರಣ್ಣ ನನ್ನನ್ನು ಬದಿಗೆ ಕರೆದರು. "ಅವ ದಮ್ಮಾಮಿಗೆ ಭಾವನ ಹತ್ತಿರ ಹೋಗಿದ್ದಾನೆ ಮಾರಾಯ, ನಾನೇ ಕಳಿಸಿದ್ದು. ಸ್ವಲ್ಪ ತಲೆ ತಣ್ಣಗಾಗಲಿ. ರಜೆ ಇಲ್ಲ, ಸೈಟಿನಲ್ಲಿ ಹುಷಾರಿಲ್ಲ ಅಂತ ನಾನು ಹೇಳ್ತೇನೆ, ಅವ ಬರುವವರೆಗೆ ಹಾಜರಿಗೆ ನೀನು ಉಂಟು ಹೇಳು. ಪಾಪದವ, ಕೆಲಸ ಹೋಗುವುದು ಬೇಡ."

ಅವರು ನನಗೆ ವೀಸಾ ಕೊಡಿಸಿದವರು, ನಮ್ಮೂರಿನವರು. ನಾನು ಏಳು ಸಂಜೆ ಅಶ್ರಫ್‌ನ ಹೆಸರಿಗೆ "ಉಂಟು" ಎಂದೆ. ಎಂಟನೇ ದಿನ ಅವನು ಓಡಿಹೋದ ಎಂದು ಸುದ್ದಿ. ನನಗೊಂದು ಮಾತು ಹೇಳದೆ, ನನ್ನ ಬಾಯಿಯಲ್ಲಿ ಏಳು ದಿನ ಸುಳ್ಳು ಹೇಳಿಸಿ ಹೋದನಲ್ಲ ಎಂದು ಹೊಟ್ಟೆ ಉರಿದಿತ್ತು.

ಪ್ರಭಾಕರಣ್ಣ ಈಗ ಸ್ವಂತ ಕಾರು, ಸ್ವಂತ ವ್ಯಾಪಾರ ಮಾಡಿಕೊಂಡಿದ್ದಾರೆ. ದಾರಿ ಗೊತ್ತಿದ್ದವರು ಎಂದು ಅವರನ್ನೇ ಕರೆದೆ.

"ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?" ಎಂದರು ಮೊದಲು. ಸಫಿಯಾಳಿಗೆ ಫೋಟೋ ಬೇಕಂತೆ ಎಂದ ಕೂಡಲೇ ಮಾತು ಬದಲಿಸಿದರು. "ಒಬ್ಬನೇ ಹೋಗ್ಬೇಡ. ನಾನೂ ಬರ್ತೇನೆ."

ನಾವು ಮುಟ್ಟುವಾಗ ಸೂರ್ಯ ಮುಳುಗಿದ್ದ. ಗೇಟು ಒಂದು ಕಡೆ ಬಿದ್ದಿತ್ತು. ಪ್ಲೈವುಡ್ ಕೊಳೆತ ವಾಸನೆ, ಪಾರಿವಾಳದ ಹಿಕ್ಕೆಯ ವಾಸನೆ... ಎಸಿ ಕಿತ್ತ ತೂತುಗಳಲ್ಲಿ ಗಾಳಿ ಹೊಕ್ಕು ಹೊರಡುತ್ತಿತ್ತು. ಮೊಬೈಲ್ ಟಾರ್ಚ್ ಹಿಡಿದು ಹದಿನಾಲ್ಕನೇ ರೂಮಿಗೆ ಹೋದೆವು. ಬಾಗಿಲು ಇನ್ನೂ ಇತ್ತು. ಅಶ್ರಫ್ ಬಟ್ಟೆ ಒಣಗಿಸಲು ಕಟ್ಟಿದ್ದ ನೀಲಿ ಹಗ್ಗವೂ ಇತ್ತು. ಅದನ್ನು ಕಂಡಾಗ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅದರ ಗಂಟನ್ನು ಒಮ್ಮೆ ಮುಟ್ಟಿ ನೋಡಿದೆ.

ಫೋಟೋ ತೆಗೆದೆ. ಗಾಳಿಗೆ ಬಾಗಿಲು ತಾನೇ ಮುಚ್ಚಿಕೊಂಡಿತು.

ಆಗ ಮೊದಲು ವಾಸನೆ ಬಂತು... ನೋವಿನ ಬಾಮ್. ಅಶ್ರಫ್ ದಿನಾ ಸಂಜೆ ಹಣೆಗೆ ತಿಕ್ಕಿಕೊಳ್ಳುತ್ತಿದ್ದದ್ದು.

"ವಾಸನೆ ಬರ್ತಾ ಉಂಟಾ?" ಎಂದು ಪಿಸುಗುಟ್ಟಿದೆ.

"ಎಂತ ವಾಸನೆಯೂ ಇಲ್ಲ. ಫೋಟೋ ಆಯ್ತಲ್ಲ, ನಡಿ," ಎಂದರು.

ವರಾಂಡದ ಆ ತುದಿಯಲ್ಲಿ ಕಬ್ಬಿಣ ಮರಕ್ಕೆ ಬಡಿದ ಸದ್ದು. ಎರಡು ಪೆಟ್ಟು. ಸ್ವಲ್ಪ ತಡೆದು, ಹತ್ತಿರದ ಬಾಗಿಲಿಗೆ ಎರಡು ಪೆಟ್ಟು... ಆಮೇಲೆ ಇನ್ನೂ ಹತ್ತಿರ...

ನಮ್ಮ ಬಾಗಿಲಿಗೆ ಎರಡು ಬಿತ್ತು.

"ಜಯಂತ..."

ಅದು ಪ್ರಭಾಕರಣ್ಣನ ದನಿ. ಅದೇ ಎಳೆದು ಕೂಗುವ ರೀತಿ. ಪ್ರಭಾಕರಣ್ಣ ನನ್ನ ಪಕ್ಕದಲ್ಲೇ ಇದ್ದರು, ಅವರ ಮುಖದ ಮೇಲೇ ನನ್ನ ಟಾರ್ಚ್ ಇತ್ತು. ಅವರ ಬಾಯಿ ಮುಚ್ಚಿತ್ತು.

"ಅಶ್ರಫ್..."

ಏನು ಹೇಳಲಿ, ಹಳೆಯ ಅಭ್ಯಾಸ. ನನ್ನ ಬಾಯಿ ತಾನಾಗಿ ತೆರೆಯಿತು. ಪ್ರಭಾಕರಣ್ಣ ಬೆವರಿದ ಅಂಗೈಯಿಂದ ನನ್ನ ಬಾಯಿ ಒತ್ತಿ ಹಿಡಿದರು.

ನಾನು ಉಂಟು ಎನ್ನಲಿಲ್ಲ. ಹೊರಗೆ ನಿಂತದ್ದು ಕಾಯಿತು.

ಆಮೇಲೆ ಉತ್ತರ ಬಂತು. ರೂಮಿನಿಂದಲ್ಲ. ದೂರದಿಂದ, ಮೆಸ್ಸಿನ ಹಿಂದೆ ಡೀಸೆಲ್ ಡ್ರಮ್ ಇಡುತ್ತಿದ್ದ ತಗಡಿನ ಸ್ಟೋರಿನ ದಿಕ್ಕಿನಿಂದ. ಒಣಗಿದ ಗಂಟಲಿನ ದನಿ.

"ಉಂಟು..."

ಪ್ರಭಾಕರಣ್ಣನ ಕೈ ನನ್ನ ಬಾಯಿಂದ ಜಾರಿತು. ಅವರು ನನ್ನೊಡನೆ ಮಾತಾಡುತ್ತಿರಲಿಲ್ಲ, ಬಾಗಿಲಿನೊಡನೆ ಮಾತಾಡುತ್ತಿದ್ದರು.

"ಮರುದಿನ ತೆಗ್ದಿದ್ದೆ ಮಾರಾಯ... ಸ್ಟೋರಿನ ಚಿಲಕ ತೆಗ್ದಿದ್ದೆ, ಅಷ್ಟರಲ್ಲಿ ನಿನ್ನ ಉಸಿರು ಹೋಗಿ ಆಗಿತ್ತು. ಡೀಸೆಲಿನ ಮಾತು ಎತ್ತದ ಹಾಗೆ ಒಂದು ರಾತ್ರಿ ಹೆದರಿಸುವ ಅಂತ ಮಾತ್ರ... ಅಷ್ಟು ಸೆಕೆ ಅಂತ ನಂಗೆಂತ ಗೊತ್ತು..."

ಇಲ್ಲಿಂದ ಮುಂದೆ ಆ ಮನುಷ್ಯನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ. ಅವನು ಬಾಗಿಲು ತಳ್ಳಿ ಓಡಿದ. ವರಾಂಡದಲ್ಲಿ ಯಾರೂ ಇರಲಿಲ್ಲ. ನಾನು ಗೇಟಿಗೆ ಬರುವಷ್ಟರಲ್ಲಿ ಕಾರಿನ ಕೆಂಪು ದೀಪ ಹೈವೇ ಕಡೆ ಸಣ್ಣದಾಗುತ್ತಿತ್ತು. ನನ್ನನ್ನೂ ಅಲ್ಲೇ ಬಿಟ್ಟು ಹೋದ.

ಮರಳಿನಲ್ಲಿ ನಡೆದೆ. ಹಿಂದೆ ತಿರುಗಿ ನೋಡಲಿಲ್ಲ. ಬಾಮಿನ ವಾಸನೆ ಹೈವೇವರೆಗೂ ಜೊತೆಗಿತ್ತು... ನೀರಿನ ಟ್ಯಾಂಕರಿನ ಪಠಾಣ ಡ್ರೈವರ್ ಹತ್ತಿಸಿಕೊಂಡ ಮೇಲೆ ಹೋಯಿತು.

ಮರುದಿನ ಅವನಿಗೆ ಫೋನ್ ಮಾಡಿದೆ. "ನಾನೆಂತ ಹೇಳ್ಲಿಲ್ಲ. ನೀನು ಹೆದರಿದ್ದು, ಏನೇನೋ ಕೇಳಿದ್ದು," ಎಂದು ಇಟ್ಟ. ಆ ನಂಬರು ಈಗ ಬಂದ್.

ಶುಕ್ರವಾರ ಹಾಡಹಗಲಲ್ಲಿ ಮತ್ತೆ ಹೋದೆ. ಮೆಸ್ಸಿನ ಹಿಂದೆ ಸ್ಟೋರೇ ಇಲ್ಲ. ಕಂಪನಿ ಮುಚ್ಚುವಾಗಲೇ ತಗಡೆಲ್ಲ ಗುಜರಿಗೆ ಹೋಯಿತು ಎಂದ ಪಕ್ಕದ ಯಾರ್ಡಿನ ಕಾವಲುಗಾರ. ಉಳಿದದ್ದು ಬರೀ ಸಿಮೆಂಟು ನೆಲ. ಹಾಗಾದರೆ ಆ ದನಿ ಯಾವ ಗೋಡೆಯ ಹಿಂದಿನಿಂದ ಬಂತು, ನನಗೆ ಗೊತ್ತಿಲ್ಲ.

ಪೊಲೀಸರಿಗೂ ಎಂಬೆಸಿಗೂ ಬರೆದುಕೊಟ್ಟಿದ್ದೇನೆ. ದೆವ್ವದ ಮಾತು ಬರೆಯಲಿಲ್ಲ, ಅವನ ಬಾಯಿಂದ ಬಂದದ್ದನ್ನು ಮಾತ್ರ ಬರೆದೆ. ಉತ್ತರಕ್ಕೆ ಕಾಯುತ್ತಿದ್ದೇನೆ.

ಸಫಿಯಾಳಿಗೆ ಏನನ್ನೂ ಮುಚ್ಚಿಡಲಿಲ್ಲ. ಫೋನಿನಲ್ಲಿ ಅವಳ ಉಮ್ಮ ಕೆಮ್ಮುವುದು ಕೇಳುತ್ತಿತ್ತು.

"ಏಳು ದಿನ ಅವ ಉಂಟು ಅಂತ ಹೇಳಿದ್ದು ನೀವಾ ಜಯಂತಣ್ಣ?"

"ಹೌದು."

"ಹಾಗಾದ್ರೆ ಅದಕ್ಕೇ ಅವನನ್ನು ಯಾರೂ ಹುಡುಕ್ಲಿಲ್ಲ."

ಪ್ರಭಾಕರ ನನಗೆ ಮಾಡಿದ ಮೋಸ ಎಷ್ಟು ದೊಡ್ಡದೆಂದು ನನಗೆ ಅರ್ಥವಾದದ್ದು ಆ ಮಾತಿನಲ್ಲಿ. ಅಶ್ರಫ್‌ಗೆ ನಾನು ಮಾಡಿದ್ದೂ.

ಈಗ ನಾನಿರುವುದು ಜುಬೈಲ್ ಪೇಟೆಯ ಫ್ಲ್ಯಾಟಿನಲ್ಲಿ, ಮೂರನೇ ಮಹಡಿ. ಕೆಲವು ಸಂಜೆ, ಇಶಾ ಬಾಂಗ್ ಮುಗಿದ ಮೇಲೆ, ಬಾಗಿಲಿಗೆ ಎರಡು ಪೆಟ್ಟು ಬೀಳುತ್ತದೆ. ಈಗ ನಾನು ಒಳಗೆ ಕುಳಿತು ಉಂಟು ಎನ್ನುವುದಿಲ್ಲ. ಪ್ರತಿ ಸಲ ಎದ್ದು ಹೋಗಿ, ಬಾಗಿಲು ತೆಗೆದು ನೋಡುತ್ತೇನೆ.